ಮೋರಿ ಕಲ್ಲಿನ ಮೇಲೆ ಹಿಕ್ಕೆ: ಯಾವ ಪ್ರಾಣಿಯದು ಅಂತ ಗೊತ್ತು ಮಾಡೋದು ಹೇಗೆ?

ಹೊಸನಗರ ಕಡೆಯಿಂದ, ಪ್ರಶ್ನೆ:
ನಮ್ಮ ಮನೆ ಕಾನಿನ ಅಂಚಿನಲ್ಲಿದೆ. ತೋಟಕ್ಕೆ ಇಳಿಯುವ ದಾರಿಯಲ್ಲಿ ಒಂದು ಮೋರಿ, ಅದರ ಮೇಲೆ ಜಂಬಿಟ್ಟಿಗೆ ಕಲ್ಲು. ನಾಲ್ಕು ದಿನದಿಂದ ಬೆಳಿಗ್ಗೆ ಎದ್ದು ನೋಡಿದರೆ ಆ ಕಲ್ಲಿನ ಮೇಲೇ ಹಿಕ್ಕೆ. ಕಪ್ಪಗಿದೆ, ಬೆರಳು ಗಾತ್ರ. ಅಕ್ಕಪಕ್ಕದವರು ಚಿರತೆಯದೇ ಅಂತಿದ್ದಾರೆ. ಮಕ್ಕಳು ಬಸ್ಸಿಗೆ ಹೋಗುವುದು ಅದೇ ದಾರಿಯಲ್ಲಿ. ನೋಡಿ ಗುರುತಿಸುವ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ:
ಮೊದಲು ಎಲ್ಲಿ ಹಾಕಿದೆ ನೋಡಿ. ಆಮೇಲೆ ಏನು ತಿಂದಿದೆ ನೋಡಿ. ಆಕಾರ ಗಾತ್ರ ಎಲ್ಲ ಕೊನೆಗೆ. ಒಂದೇ ಪ್ರಾಣಿ ಬರೀ ಮಾಂಸ ತಿಂದ ದಿನ ತೆಳ್ಳಗೆ ಕಪ್ಪಗೆ ಹಾಕುತ್ತದೆ, ರೋಮ ಮೂಳೆ ಜಾಸ್ತಿ ಹೋದ ದಿನ ಗಟ್ಟಿಯಾಗಿ ಹಾಕುತ್ತದೆ. ಅದಕ್ಕೇ ಬರೀ ಆಕಾರ ನಂಬಿದರೆ ಮೋಸ ಹೋಗುತ್ತೇವೆ.

ಕಲ್ಲು, ಬಿದ್ದ ಮರ, ಕಟ್ಟೆ, ಹೀಗೆ ಸ್ವಲ್ಪ ಎತ್ತರದ ಜಾಗ ಹುಡುಕಿ, ದಿನಾ ಅಲ್ಲೇ ಬಂದು ಹಾಕುವುದು ಕಬ್ಬೆಕ್ಕಿನ (ಪುನುಗು ಬೆಕ್ಕಿನ ಜಾತಿ) ಅಭ್ಯಾಸ. ನಮ್ಮ ತೋಟದ ಸಂಕದ (ಕಾಲುಸೇತುವೆ) ಮೇಲೂ ಹೀಗೇ ಆಗುತ್ತಿತ್ತು. ಒಂದು ದಿನ ಕಡ್ಡಿಯಲ್ಲಿ ಬಿಡಿಸಿ ನೋಡಿದೆ. ಒಳಗೆ ತುಂಬ ಬಗನಿ (ತಾಳೆ ಜಾತಿಯ ಮರ) ಬೀಜ, ಒಂದೂ ಒಡೆದಿರಲಿಲ್ಲ. ತೊಳೆದಿಟ್ಟ ಹಾಗೆ ನುಣ್ಣಗೆ. ಕಾಫಿ ಹಣ್ಣಿನ ಕಾಲದಲ್ಲಿ ಅದೇ ಜಾಗದಲ್ಲಿ ಕಾಫಿ ಬೀಜ ಸಿಗುತ್ತದೆ. ಸಂಕದ ಪಕ್ಕದ ಧರೆಯಲ್ಲಿ ಈಗ ಏಳೆಂಟು ಬಗನಿ ಸಸಿ ಎದ್ದಿವೆ. ನಾವ್ಯಾರೂ ನೆಟ್ಟಿದ್ದಲ್ಲ.

ಚಿರತೆಯದ್ದು ಬೇರೆ. ಅದನ್ನು ನಾನು ಗುರುತಿಸಿದ್ದು ಬೇಜಾರಿನ ದಿನ. ನಮ್ಮ ನಾಯಿ ಒಂದು ರಾತ್ರಿ ಕಾಣೆಯಾಯಿತು. ಐದನೇ ದಿನ ಬೇಣದ ಮೇಲಿನ ಜೀಪು ದಾರಿಯಲ್ಲಿ, ಸರಿಯಾಗಿ ನಡುವೆ, ಮೂರು ತುಂಡು ಬಿದ್ದಿತ್ತು. ಹಗ್ಗ ಹೊಸೆದ ಹಾಗೆ ತಿರುಚಿದೆ, ನಡುವೆ ಗಂಟು ಗಂಟು, ಒಂದು ತುದಿ ಬಾಲದ ಹಾಗೆ ಚೂಪು. ಹತ್ತಿರದಲ್ಲೇ ನೆಲ ಕೆರೆದ ಗುರುತು. ಕಡ್ಡಿಯಲ್ಲಿ ಬಿಡಿಸಿದರೆ ಪೂರ್ತಿ ಕಂದು ರೋಮ, ಮೂಳೆ ಚೂರು, ಅದರೊಳಗೆ ಒಂದು ಕಪ್ಪು ಉಗುರು. ನಮ್ಮ ನಾಯಿಯದೇ ಬಣ್ಣ. ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.

ಹಳೆಯದಾದರೆ ಇದು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಮೂಳೆ ತಿಂದಿರುತ್ತದಲ್ವಾ, ಅದಕ್ಕೆ. ಆದರೆ ಬೀದಿನಾಯಿ ಸತ್ತ ದನ ತಿಂದಿದ್ದರೂ ರೋಮ ಇರುತ್ತದೆ. ಹಾಗಾಗಿ ರೋಮ ಕಂಡ ಕೂಡಲೇ ಚಿರತೆ ಅನ್ನಬೇಡಿ.

ಸಾಗರದಿಂದ:
ನಮ್ಮ ಭಾಷೆಯಲ್ಲೇ ಅರ್ಧ ಉತ್ತರ ಇದೆ. ದನ, ಕಾಟಿಗೆ (ಕಾಡುಕೋಣ) ಸಗಣಿ. ಆನೆಗೆ ಲದ್ದಿ. ಕುರಿ, ಜಿಂಕೆ, ಮೊಲಕ್ಕೆ ಹಿಕ್ಕೆ. ಹಿರಿಯರು ನೋಡಿಯೇ ಬೇರೆ ಬೇರೆ ಹೆಸರು ಇಟ್ಟಿದ್ದಾರೆ.

ಸೊಪ್ಪು ತಿನ್ನುವವುಗಳದ್ದು ಒಣಗಿದ ಮೇಲೆ ವಾಸನೆ ಕಡಿಮೆ. ಮೊಲದ್ದು ಚಪ್ಪಟೆ ಗುಂಡು, ಮುರಿದರೆ ಬರೀ ಹುಲ್ಲಿನ ಪುಡಿ. ಜಿಂಕೆ, ಕಡವೆಯದ್ದು ಕಾಳಿನ ಹಾಗೆ, ಒಂದು ತುದಿ ಚೂಪು, ಇನ್ನೊಂದು ಕಡೆ ಸಣ್ಣ ಗುಳಿ. ಕಡವೆಯದ್ದು ದೊಡ್ಡದು, ಬರ್ಕದ್ದು (ಮೊಲದಷ್ಟೇ ಇರುವ ಪುಟ್ಟ ಜಿಂಕೆಯಂಥ ಪ್ರಾಣಿ) ಹಲಸಂದೆ ಕಾಳಿನಷ್ಟು. ಮುಳ್ಳುಹಂದಿಯದ್ದು ಉದ್ದುದ್ದ, ಖರ್ಜೂರದ ಬೀಜದ ಹಾಗೆ, ಕೆಲವು ಸಲ ನಾರಿನಲ್ಲಿ ಸರ ಪೋಣಿಸಿದಂತೆ ಇರುತ್ತದೆ. ಹತ್ತಿರ ಒಂದೆರಡು ಮುಳ್ಳು ಸಿಕ್ಕರೆ ಅನುಮಾನವೇ ಬೇಡ. ಕಾಟಿ ಸಗಣಿ ಮತ್ತು ಎಮ್ಮೆ ಸಗಣಿ ಮಾತ್ರ ಸುಮ್ನೆ ನೋಡಿ ಬೇರೆ ಮಾಡಲು ಹೋಗಬೇಡಿ, ಹೆಜ್ಜೆ ಹುಡುಕಿ.

ಕರಡಿಯದ್ದು ದೊಡ್ಡ ರಾಶಿ. ನೇರಳೆ ಕಾಲದಲ್ಲಿ ಬರೀ ಬೀಜ, ಬೇರೆ ಕಾಲದಲ್ಲಿ ಗೆದ್ದಲು, ಇರುವೆಯ ತಲೆಗಳು ಮಿಂಚುತ್ತವೆ.

ಲಕ್ಕವಳ್ಳಿ ಕಡೆಯಿಂದ:
ನಾನು ಭದ್ರಾ ಕಾಡಿನಲ್ಲಿ ಪ್ರಾಣಿ ಎಣಿಕೆಗೆ ಸಹಾಯ ಮಾಡಲು ಹೋಗಿದ್ದೆ. ಅದು 1998ರಿಂದ ಹುಲಿ ಮೀಸಲು ಪ್ರದೇಶ. ಹುಲಿಯದ್ದು ಸಾಮಾನ್ಯವಾಗಿ ದಪ್ಪ, ತಿರುಚು ಕಡಿಮೆ. ಆದರೆ ಸಣ್ಣ ಹುಲಿ ಮತ್ತು ದೊಡ್ಡ ಗಂಡು ಚಿರತೆಯ ಅಳತೆ ಒಂದರೊಳಗೊಂದು ಸೇರಿಹೋಗುತ್ತದೆ. ಖಚಿತ ಮಾಡಲು ಡಿಎನ್ಎ ಪರೀಕ್ಷೆಯೇ ಬೇಕು. ಒಳಗಿನ ರೋಮವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಿಂದಿದ್ದು ಏನು ಅಂತ ತಿಳಿಯುತ್ತದೆ.

ದಾರಿ ಕೂಡುವ ಜಾಗದಲ್ಲಿ ಒಂದೇ ಕಡೆ ಐದಾರು, ಹೊಸದು ಹಳೆಯದು ಸೇರಿ ಬಿದ್ದಿದ್ದರೆ ಅದು ಹೆಚ್ಚಾಗಿ ಸೀಳುನಾಯಿ ಗುಂಪಿನದು.

ಇನ್ನೊಂದು, ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ನಮ್ಮ ಮಳೆಗೆ ಏನೂ ಉಳಿಯುವುದಿಲ್ಲ. ಉಳಿದಿದ್ದನ್ನು ಸಗಣಿ ಹುಳ ಉಂಡೆ ಕಟ್ಟಿ ಒಯ್ಯುತ್ತದೆ. ಅಭಯಾರಣ್ಯದ ಒಳಗೆ ಕಂಡರೆ ಫೋಟೊ ತೆಗೆಯಿರಿ, ಎತ್ತಿಕೊಂಡು ಬರಬೇಡಿ.

ಮಂಡಗದ್ದೆ ಕಡೆಯಿಂದ:
ತುಂಗೆ ದಡದ ಬಂಡೆ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ಕಂಡರೆ ನೀರುನಾಯಿ. ಮಾರು ದೂರಕ್ಕೇ ಮೀನಿನ ವಾಸನೆ ಬರುತ್ತದೆ.

ಸೊರಬದಿಂದ:
ಎಲ್ಲರೂ ಬಿಡಿಸಿ ನೋಡಿ ಅಂತಿದ್ದೀರಿ, ಆದರೆ ಜಾಗ್ರತೆ ಯಾರೂ ಹೇಳಲಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಮೂಗಿನ ಹತ್ತಿರ ಒಯ್ಯಬೇಡಿ. ಮಾಂಸ ತಿನ್ನುವ ಪ್ರಾಣಿಗಳ ಹಿಕ್ಕೆಯಲ್ಲಿ ಜಂತುಹುಳದ ಮೊಟ್ಟೆ ಇರಬಹುದು, ಒಣಗಿದ್ದರೂ ಅಷ್ಟೆ. ಉದ್ದ ಕಡ್ಡಿ, ಕೈಗೆ ಪ್ಲಾಸ್ಟಿಕ್ ಚೀಲ, ಆಮೇಲೆ ಸೋಪು ಹಾಕಿ ಕೈ ತೊಳೆಯುವುದು. ಮಕ್ಕಳಿಗೆ ದೂರದಿಂದ ತೋರಿಸಿ.

ಅದಕ್ಕಿಂತ ದೊಡ್ಡ ಮಾತು, ದರಗಿನ (ಉದುರಿದ ಒಣ ಎಲೆ) ಮೇಲೆ ಕುಕ್ಕರಗಾಲಲ್ಲಿ ಕೂರಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು (ಉಣ್ಣೆ ಹುಳ). ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಜಾಸ್ತಿ. ನೀವು ಹಿಕ್ಕೆ ಹುಡುಕುವುದೂ ಅದೇ ತಿಂಗಳುಗಳಲ್ಲಿ. ತುಂಬು ತೋಳಿನ ಅಂಗಿ ಹಾಕಿ, ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ತೀರ್ಥಹಳ್ಳಿಯವರು ಮತ್ತೆ:
ಒಂದು ಮಾತು ಬಿಟ್ಟುಹೋಗಿತ್ತು. ಊರಲ್ಲಿ "ಚಿರತೆ ಬಂದಿದೆ" ಅಂತ ಸುದ್ದಿ ಹಬ್ಬಿದರೆ ಯಾರಾದರೂ ಬೇಲಿಯಲ್ಲಿ ಉರುಳು ಕಟ್ಟುತ್ತಾರೆ. ಬೈಕಿನ ಕೇಬಲ್ ತಂತಿ ಸಾಕು. ಹಂದಿಗೆ ಅಂತ ಕಟ್ಟಿದ್ದಕ್ಕೂ ಕಬ್ಬೆಕ್ಕು, ಕಾಡುಕುರಿ, ಚಿರತೆ ಎಲ್ಲ ಬೀಳುತ್ತವೆ. ಸೊಂಟಕ್ಕೆ ತಂತಿ ಬಿದ್ದ ಚಿರತೆಯ ಕೂಗು ಒಂದು ರಾತ್ರಿ ಕೇಳಿದ್ದೇನೆ, ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧವೂ ಹೌದು. ಅದಕ್ಕೇ ಕೇಳಿಕೊಳ್ಳುತ್ತೇನೆ, ಹೆಸರು ಹೇಳುವ ಮೊದಲು ಕಡ್ಡಿ ತಗೊಂಡು ಒಮ್ಮೆ ಬಿಡಿಸಿ ನೋಡಿ. ನಿಜವಾಗಿ ಚಿರತೆಯದೇ ಅನ್ನಿಸಿದರೆ ಅರಣ್ಯ ಇಲಾಖೆಗೆ ಹೇಳಿ, ನಾಯಿಯನ್ನು ರಾತ್ರಿ ಒಳಗೆ ಕಟ್ಟಿ, ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ.

ಹೊಸನಗರದಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಕಡ್ಡಿ ಹಿಡಿದು ಹೋದೆ. ರೋಮ ಇಲ್ಲ, ಮೂಳೆ ಇಲ್ಲ. ಹನ್ನೊಂದು ಬಗನಿ ಬೀಜ, ಸ್ವಲ್ಪ ಹಣ್ಣಿನ ಸಿಪ್ಪೆ. ತಲೆ ಎತ್ತಿದರೆ ಮೋರಿಯಿಂದ ಇಪ್ಪತ್ತು ಹೆಜ್ಜೆಗೆ ಬಗನಿ ಮರ, ಗೊನೆ ಕೆಂಪಗಾಗಿದೆ. ಇಷ್ಟು ದಿನ ಆ ಮರ ನೋಡಿಯೇ ಇರಲಿಲ್ಲ. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ಅವರು ತಂತಿ ತಂದಿಟ್ಟಿದ್ದರಂತೆ. ಬೀಜ ನೋಡಿದ ಮೇಲೆ ಅದನ್ನು ಅಟ್ಟಕ್ಕೆ ಹಾಕಿದರು.

ವಾಪಸ್ ಬರುವಾಗ ಹಳ್ಳದ ಬಂಡೆ ಮೇಲೆ ಇನ್ನೇನೋ ಕಂಡಿತು. ಒಳಗೆ ಕೆಂಪಗೆ ಏಡಿ ಕೊಂಡಿ ಇದ್ದ ಹಾಗಿದೆ. ನಾಳೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆದು ಹಾಕುತ್ತೇನೆ. ಮಂಡಗದ್ದೆಯವರು ನೋಡಿ ಹೇಳಿ.