ಅಪ್ಪನ ದಿನಸಿ ಅಂಗಡಿಯನ್ನು ಸೂಪರ್ ಮಾರ್ಕೆಟ್ ಮಾಡಬಹುದಾ? ನಡೆಸಿದವರ ಅನುಭವ ಬೇಕು

ಕೇಳಿದ್ದು, ಹೊಸನಗರ ಕಡೆಯಿಂದ

ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನದು 31 ವರ್ಷದ ದಿನಸಿ ಅಂಗಡಿ. ಪಕ್ಕದ ಮಳಿಗೆ ಈಗ ಖಾಲಿಯಾಗಿದೆ. ಎರಡನ್ನೂ ಸೇರಿಸಿದರೆ 1,100 ಚದರಡಿ ಸಿಗುತ್ತದೆ. ಜನ ಒಳಗೆ ಬಂದು ತಾವೇ ಆರಿಸಿಕೊಳ್ಳುವ ಹಾಗೆ ಮಾಡಬೇಕು ಅಂತ ನನಗೂ ನನ್ನ ಹೆಂಡತಿಗೂ ಆಸೆ. ಅಪ್ಪನಿಗೆ ಭಯ. ಉದ್ರಿ ಪುಸ್ತಕದಲ್ಲೇ 6 ಲಕ್ಷ ನಿಂತಿದೆ. ನಮ್ಮಂಥ ಊರಲ್ಲಿ ಇದನ್ನು ಮಾಡಿದವರು ಹೇಳಿ, ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಎಲ್ಲಿ ಉಳಿಯುತ್ತದೆ?

ಕೊಪ್ಪದಿಂದ

2015ರಲ್ಲಿ ನಾವು ಮಾಡಿದ್ದೂ ಇದೇ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಮ್ಮ ದುಡ್ಡು ಸಿಕ್ಕಿಹಾಕಿಕೊಂಡಿದ್ದು ರ್‍ಯಾಕಿನಲ್ಲಿ. ಹೊಸ ಅಂಗಡಿ, ಖಾಲಿ ಕಾಣಬಾರದು ಅಂತ ಮಾಲು ತುಂಬಿಸಿದೆವು. ಲೈನಿಗೆ ಬರುವ ಸೇಲ್ಸ್‌ಮನ್ "ಹತ್ತು ಕೇಸಿಗೆ ಒಂದು ಫ್ರೀ" ಅಂದರೆ ಹೂಂ ಅಂದೆವು. ಒಂದು ವರ್ಷ ಕಳೆದ ಮೇಲೆ ಕೂತು ಎಣಿಸಿದರೆ ಫೇಸ್‌ವಾಶ್ ಒಂದರಲ್ಲೇ 14 ಬಗೆ. ಅದರಲ್ಲಿ ಓಡುತ್ತಿದ್ದದ್ದು ಮೂರು. ಉಳಿದದ್ದು ಧೂಳು ಹಿಡಿದು ಎಕ್ಸ್‌ಪೈರಿಗೆ ಹತ್ತಿರ ಬಂದಿತ್ತು. ವ್ಯಾಪಾರ ಚೆನ್ನಾಗಿತ್ತು, ಆದರೆ ಸಕ್ಕರೆ ಮೂಟೆ ತರೋಕೆ ಕೈಯಲ್ಲಿ ದುಡ್ಡಿರಲಿಲ್ಲ. ಈಗ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಎರಡು ತಿಂಗಳಲ್ಲಿ ಒಂದೂ ಹೋಗದ ಮಾಲನ್ನು ಮತ್ತೆ ತರೋದಿಲ್ಲ. ಯಾರಾದರೂ ಕೇಳಿದರೆ ಚೀಟಿಯಲ್ಲಿ ಬರೆದುಕೊಂಡು ಮುಂದಿನ ವಾರ ತರಿಸಿಕೊಡುತ್ತೇವೆ. ಜನ ಕಾಯುತ್ತಾರೆ.

ಎರಡನೆಯದು ಮಳೆ. ನಿಮ್ಮಲ್ಲಿ ನಮಗಿಂತ ಜಾಸ್ತಿಯೇ ಸುರಿಯುತ್ತದೆ, ನಿಮಗೆ ಹೇಳಬೇಕಿಲ್ಲ. ಆದರೆ ಮೂಟೆ ಕಟ್ಟಿಟ್ಟ ಅಂಗಡಿಗೂ ತೆರೆದ ರ್‍ಯಾಕಿಗೂ ವ್ಯತ್ಯಾಸ ಇದೆ. ಬೆಲ್ಲ ನೀರು ಬಿಡುತ್ತದೆ, ಅವಲಕ್ಕಿ ಮೆತ್ತಗಾಗುತ್ತದೆ, ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತದೆ. ರ್‍ಯಾಕನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಇಡಿಸಿ. ಮೂಟೆಗಳ ಕೆಳಗೆ ಮರದ ಹಲಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುರುಕಲು ತಿಂಡಿಯನ್ನು ವಾರಕ್ಕೆ ಬೇಕಾದಷ್ಟೇ ತರಿಸಿ.

ಫ್ರೀಜರ್ ವಿಷಯದಲ್ಲಿ ನಮಗೆ ಪೆಟ್ಟು ಬಿತ್ತು. ಒಂದು ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡೂವರೆ ದಿನ ಕರೆಂಟ್ ಇರಲಿಲ್ಲ. ಐಸ್‌ಕ್ರೀಮ್ ಎಲ್ಲಾ ಕರಗಿ ನೀರಾಯಿತು. ಡಿಸ್ಟ್ರಿಬ್ಯೂಟರ್ ಒಂದು ಡಬ್ಬವನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಜನವರಿಯಿಂದ ಮೇ ತನಕ ಮಾತ್ರ ಐಸ್‌ಕ್ರೀಮ್ ಇಡುತ್ತೇವೆ. ಮಳೆಗಾಲದಲ್ಲಿ ಆ ಫ್ರೀಜರ್ ಬಂದ್.

ಇನ್ನು ಉದ್ರಿ. "ಇಂದು ನಗದು" ಅಂತ ಬೋರ್ಡ್ ಹಾಕಿ ಒಂದೇ ದಿನಕ್ಕೆ ನಿಲ್ಲಿಸಿದೆವು. ನಾವು ಮಾಡಿದ ದೊಡ್ಡ ತಪ್ಪು ಅದು. ಬಾಕಿ ಇಟ್ಟವರು ಮುಖ ತಪ್ಪಿಸಿಕೊಂಡು, ಕೈಯಲ್ಲಿದ್ದ ನಗದನ್ನು ಬೇರೆ ಅಂಗಡಿಗೆ ಕೊಡೋಕೆ ಶುರು ಮಾಡಿದರು. ಹಳೇ ಸಾಲವೂ ಬರಲಿಲ್ಲ, ಹೊಸ ವ್ಯಾಪಾರವೂ ಹೋಯಿತು. ಆಮೇಲೆ ನಮ್ಮ ಅಪ್ಪ ಒಂದೊಂದೇ ಮನೆಗೆ ಹೋದರು. ಪುಸ್ತಕ ತೆಗೆದುಕೊಂಡು ಹೋಗಲಿಲ್ಲ. ಜಗಲಿಯಲ್ಲಿ ಕೂತು ಕಾಫಿ ಕುಡಿದು, "ಅಂಗಡಿ ದೊಡ್ಡದು ಮಾಡಿದ್ದೇವೆ, ನೀವು ಬರಲೇ ಇಲ್ಲವಲ್ಲ" ಅಂತ ಅಷ್ಟೇ ಹೇಳಿ ಬಂದರು. ಮುಂದಿನ ವಾರ ನಾಲ್ಕು ಮನೆಯವರು ಬಂದರು. ಒಬ್ಬರು ಐನೂರರ ನೋಟನ್ನು ಮಡಿಸಿ ಅಪ್ಪನ ಕೈಯಲ್ಲಿಟ್ಟು, "ಇದು ಹಳೇದಕ್ಕೆ" ಅಂದರು. ಹಳೇ ಬಾಕಿಗೆ ಬೇರೆ ಪುಟ, ಆದಷ್ಟು ಕಟ್ಟಲಿ. ಹೊಸ ಸಾಮಾನಿಗೆ ಒಂದು ತಿಂಗಳ ಮಿತಿ. ಈಗಲೂ ಹೀಗೇ ನಡೆಯುತ್ತಿದೆ.

ಉದ್ರಿ ತೆಗೆದುಕೊಂಡ ತೋಟದವರು "ಮಂಡಿಗೆ ಅಡಿಕೆ ಬಿಟ್ಟ ಮೇಲೆ ಕೊಡ್ತೀವಿ" ಅನ್ನುವುದು ಸುಳ್ಳು ಮಾತಲ್ಲ, ನಿಮಗೂ ಗೊತ್ತು. ಆದರೆ ಅಡಿಕೆಗೆ ಕೊಳೆರೋಗ ಜಾಸ್ತಿಯಾದ ವರ್ಷ, ಎಲೆಚುಕ್ಕಿ ರೋಗ ಬಂದ ತೋಟ, ಇವೆಲ್ಲ ನಮ್ಮ ಪುಸ್ತಕಕ್ಕೂ ತಟ್ಟುತ್ತವೆ. ಯಾವ ತೋಟ ಹೇಗಿದೆ ಅನ್ನೋದು ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ. ಯಾರಿಗೆ ಎಷ್ಟು ಉದ್ರಿ ಅನ್ನುವ ತೀರ್ಮಾನ ಅವರ ಕೈಯಲ್ಲೇ ಇರಲಿ.

ಅರಸೀಕೆರೆಯಿಂದ

ಉಳಿಯೋದು ಎಲ್ಲಿ ಅಂತ ಕೇಳಿದ್ದೀರಿ. ನಮಗೆ ಉಳಿಯೋದು ನಾವೇ ಪ್ಯಾಕ್ ಮಾಡಿದ್ದರಲ್ಲಿ. ಕಂಪನಿ ಸೋಪು, ಎಣ್ಣೆ ಪ್ಯಾಕೆಟ್, ಹಾಲು ಜನರನ್ನು ಒಳಗೆ ಕರೆಸುತ್ತವೆ, ಅಷ್ಟೇ. ತೊಗರಿಬೇಳೆಯನ್ನು 50 ಕೆಜಿ ಮೂಟೆಯಲ್ಲಿ ತಂದು, ಆರಿಸಿ, ಒಂದು ಕೆಜಿ, ಅರ್ಧ ಕೆಜಿ ಕಟ್ಟುತ್ತೇವೆ. ಆರಿಸುವಾಗ, ತೂಗುವಾಗ ಅರ್ಧ ಕೆಜಿ ಹೋಗುತ್ತದೆ. ಕವರ್, ಕೂಲಿ ಅಂತ ಕೆಜಿಗೆ 3 ರೂಪಾಯಿ ಬೀಳುತ್ತದೆ. ಆದರೂ ಕಂಪನಿ ಪ್ಯಾಕಿಗಿಂತ ಕಮ್ಮಿಗೆ ಕೊಟ್ಟು ನಮಗೂ ಜಾಸ್ತಿ ಉಳಿಯುತ್ತದೆ. ಕಾಳು ಸ್ವಚ್ಛ ಇರಬೇಕು. ಒಂದು ಸಲ ಕಲ್ಲು ಸಿಕ್ಕರೆ ಆ ಮನೆಯವರು ಮತ್ತೆ ನಿಮ್ಮ ಪ್ಯಾಕೆಟ್ ಮುಟ್ಟೋದಿಲ್ಲ.

ಸಂಕ್ರಾಂತಿಗೆ ಎಳ್ಳು ಬೆಲ್ಲ ನಮ್ಮ ಅಂಗಡಿಯದೇ. ಡಿಸೆಂಬರ್ ಕೊನೆಗೆ ಅಮ್ಮ, ಅತ್ತಿಗೆ, ಬೀದಿಯ ಇನ್ನಿಬ್ಬರು ಹೆಂಗಸರು ಕೂತು ಕೊಬ್ಬರಿಯ ಕಪ್ಪು ಹೆರೆದು, ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕುತ್ತಾರೆ. ಬೆಲ್ಲವನ್ನೂ ಕೈಯಲ್ಲೇ ಕತ್ತರಿಸೋದು. ಪಕ್ಕದಲ್ಲಿ ಸಕ್ಕರೆ ಅಚ್ಚು ಇಟ್ಟರೆ ಸಾಕು. ಹಬ್ಬದ ಹಿಂದಿನ ದಿನ ಮಧ್ಯಾಹ್ನಕ್ಕೇ ಎಲ್ಲಾ ಖಾಲಿ. ಬೆಂಗಳೂರಿಗೆ ತೆಗೆದುಕೊಂಡು ಹೋಗುವವರೂ ಮೊದಲೇ ಹೇಳಿಟ್ಟಿರುತ್ತಾರೆ.

ಚನ್ನಗಿರಿಯಿಂದ, ಅಂಗಡಿಗಳ ಲೆಕ್ಕ ಬರೆಯುವವರು

ದಿನಕ್ಕೆ 11 ಸಾವಿರ ವ್ಯಾಪಾರವಾದರೆ ವರ್ಷಕ್ಕೆ 40 ಲಕ್ಷ ದಾಟುತ್ತದೆ. ಅಲ್ಲಿಗೆ ಜಿಎಸ್‌ಟಿ ನೋಂದಣಿ ಬೇಕೇ ಬೇಕು. ಒಂದೂವರೆ ಕೋಟಿಯವರೆಗೆ ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಲ್ಲಿ ಇರಬಹುದು. ಅದರಲ್ಲಿ ತೆರಿಗೆ ಇರುವ ಮಾಲಿನ ವ್ಯಾಪಾರದ ಮೇಲೆ ಶೇ. 1 ಕಟ್ಟಬೇಕು. ಅದು ನಿಮ್ಮ ಕೈಯಿಂದಲೇ ಹೋಗುತ್ತದೆ, ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಹಾಕುವ ಹಾಗಿಲ್ಲ, ಖರೀದಿಗೆ ಕೊಟ್ಟ ತೆರಿಗೆಯೂ ವಾಪಸ್ ಸಿಗೋದಿಲ್ಲ. ತೆರಿಗೆ ಇಲ್ಲದ ಹಾಲು, ಲೂಸ್ ಅಕ್ಕಿಯ ವ್ಯಾಪಾರವೂ ಆ ಒಂದೂವರೆ ಕೋಟಿಯ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಮರೆತವರು ಜಾಸ್ತಿ.

ಅರಸೀಕೆರೆಯವರು ಹೇಳಿದ ಪ್ಯಾಕಿಂಗ್ ಒಳ್ಳೇದೇ. ಆದರೆ 2022ರ ಜುಲೈ 18ರಿಂದ ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟು 25 ಕೆಜಿಯೊಳಗಿದ್ದರೆ, ಕಾಂಪೊಸಿಷನ್‌ನಲ್ಲಿ ಇಲ್ಲದವರಿಗೆ ಶೇ. 5 ಜಿಎಸ್‌ಟಿ ಬೀಳುತ್ತದೆ. ಎದುರಿಗೇ ತೂಗಿ ಕೊಟ್ಟರೆ ಇಲ್ಲ. ಲೇಬಲ್ಲಿನಲ್ಲಿ ತೂಕ, ಎಂಆರ್‌ಪಿ, ಕಟ್ಟಿದ ತಿಂಗಳು, ನಿಮ್ಮ ವಿಳಾಸ ಇರಲೇಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷ ವರ್ಷ ಮುದ್ರೆ ಹಾಕಿಸಿ.

ಬಿಲ್ಲಿಂಗ್ ಸಾಫ್ಟ್‌ವೇರ್ ಮೊದಲ ದಿನದಿಂದಲೇ ಇರಲಿ. 2025ರ ಸೆಪ್ಟೆಂಬರ್ 22ಕ್ಕೆ ಸ್ನಾನದ ಸೋಪು, ಪೇಸ್ಟು, ಶಾಂಪೂ, ಬಿಸ್ಕತ್ತಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಾಗ, ಯಾವ ಮಾಲು ಎಷ್ಟಿದೆ ಅಂತ ಗೊತ್ತಿದ್ದವರು ಒಂದೇ ರಾತ್ರಿಯಲ್ಲಿ ದರ ಬದಲಿಸಿದರು. ಗೊತ್ತಿಲ್ಲದವರು ವಾರಗಟ್ಟಲೆ ಒದ್ದಾಡಿದರು. ಇನ್ನೊಂದು ಮಾತು, ಮನೆಯ ಕ್ಯೂಆರ್ ಕೋಡ್ ಬೇರೆ, ಅಂಗಡಿಯದು ಬೇರೆ ಇರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಮಗಳ ಫೀಸಿನ ದುಡ್ಡು ಯಾವುದು, ವ್ಯಾಪಾರದ್ದು ಯಾವುದು ಅಂತ ಬಿಡಿಸೋಕೆ ನಾನೇ ಎಷ್ಟೋ ರಾತ್ರಿ ಕೂತಿದ್ದೇನೆ.

ಕುಷ್ಟಗಿಯಿಂದ

ನಾನು ಗಂಡನ ಜೊತೆ ಒಂಬತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಹೆಂಡತಿಗೂ ಆಸೆ ಇದೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಸಂಬಳ ಕಟ್ಟಿ. ನಿಮಗೂ ಕಟ್ಟಿಕೊಳ್ಳಿ. ನಾವು ಐದು ವರ್ಷ ಗಲ್ಲಾದಿಂದಲೇ ತರಕಾರಿ, ಔಷಧ, ಮದುವೆ ಮುಯ್ಯಿ ಎಲ್ಲಾ ತೆಗೆದೆವು. ಅಂಗಡಿ ಲಾಭದಲ್ಲಿದೆ ಅಂತ ತಿಳಿದಿದ್ದೆವು. ಇಬ್ಬರ ಸಂಬಳ ಬರೆದು ನೋಡಿದಾಗ ಲಾಭ ಇರಲೇ ಇಲ್ಲ. ಮನೆ ಸಾಮಾನಿಗೂ ಈಗ ಬಿಲ್ ಹಾಕುತ್ತೇನೆ.

ನಮ್ಮ ಕಡೆ ಗೃಹಲಕ್ಷ್ಮಿ 2,000 ಖಾತೆಗೆ ಬಿದ್ದ ವಾರ ಹೆಂಗಸರು ತಾವೇ ಬರುತ್ತಾರೆ. ಮೊದಲು ಗಂಡಸರ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಈಗ ತಾವೇ ರ್‍ಯಾಕ್ ಮುಂದೆ ನಿಂತು, ದರ ಓದಿ, ಒಂದನ್ನು ಇಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ. ರೇಷನ್ ಅಕ್ಕಿ ಸಿಗುವುದರಿಂದ ದಿನದ ಊಟದ ಅಕ್ಕಿ ನಮ್ಮಲ್ಲಿ ಕಮ್ಮಿ ಹೋಗುತ್ತದೆ. ಶೇಂಗಾ, ಬೆಲ್ಲ, ಎಣ್ಣೆ, ಮಕ್ಕಳ ಬಿಸ್ಕತ್ತು ಜಾಸ್ತಿ. ದರದ ಚೀಟಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಕೇಳೋಕೆ ನಾಚಿಕೊಳ್ಳುವವರು ಬಹಳ ಇದ್ದಾರೆ.

ಭಾನುವಾರ ಮಧ್ಯಾಹ್ನ ಎರಡರ ಮೇಲೆ ನಾವು ಬಾಗಿಲು ಹಾಕುತ್ತೇವೆ. ಮಕ್ಕಳ ಜೊತೆ ಉಣ್ಣೋಕೆ ಅದೊಂದೇ ಹೊತ್ತು.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. ಜಗಲಿಯಲ್ಲಿ ಕಾಫಿ ಕುಡಿದ ಕಡೆ ಇನ್ನೊಂದು ಸಲ ಓದು ಅಂದರು. ಅವರಿಗೆ ಕಂಪ್ಯೂಟರ್ ಬಿಲ್ಲಿಂಗ್ ಬರೋದಿಲ್ಲ, ಹೊಸ ಅಂಗಡಿಯಲ್ಲಿ ನನಗೇನು ಕೆಲಸ ಅಂತ ಕೇಳುತ್ತಿದ್ದಾರೆ. ಕೊಪ್ಪದವರೇ, ನಿಮ್ಮ ಅಪ್ಪ ಎಲ್ಲಿ ಕೂರುತ್ತಿದ್ದರು?

ಕೊಪ್ಪದಿಂದ

ಬಾಗಿಲ ಹತ್ತಿರ, ತಕ್ಕಡಿ ಮುಂದೆ. ಲೂಸ್ ಅಕ್ಕಿ, ಬೆಲ್ಲ, ಒಣಮೆಣಸು, ಎಲೆ ಅಡಿಕೆ ಎಲ್ಲಾ ಅವರದೇ. ಹಳೇ ಅಂಗಡಿಯ ಮರದ ಗಲ್ಲಾವನ್ನೂ ಅಲ್ಲೇ ಇಟ್ಟೆವು. ಬಿಲ್ಲಿಂಗ್ ಹಿಂದಿನ ಕೌಂಟರ್‌ನಲ್ಲಿ ನಾನು ಮಾಡುತ್ತಿದ್ದೆ. ಒಳಗೆ ಬಂದವರೆಲ್ಲ ಮೊದಲು ಅವರನ್ನೇ ಮಾತಾಡಿಸುತ್ತಿದ್ದರು. ಜಾಗ ಅಳೆಯುವಾಗ ಅವರ ಕುರ್ಚಿಗೆ ಮೊದಲು ಗುರುತು ಹಾಕಿ, ಆಮೇಲೆ ರ್‍ಯಾಕ್.