ಪವರ್ ಬ್ಯಾಂಕ್ ಹಾಕಿದರೂ ಲ್ಯಾಪ್‌ಟಾಪ್ ಬ್ಯಾಟರಿ ಇಳಿಯುತ್ತಿದೆ, ಯಾಕೆ?

ಮಲೆನಾಡ ಹುಡುಗಿ:
ನಮ್ಮದು ತೀರ್ಥಹಳ್ಳಿ ಹತ್ತಿರ ಒಂಟಿ ಮನೆ. ಮಳೆ ಹಿಡಿದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಬರುವುದು ಮರುದಿನವೇ. ಆಫೀಸ್ ಕೆಲಸ ಮನೆಯಿಂದಲೇ. ಅದಕ್ಕೆಂದೇ 20,000 ಎಂಎಎಚ್ ಪವರ್ ಬ್ಯಾಂಕ್ ತಂದೆ. ಫೋನಿಗೆ ಚೆನ್ನಾಗಿದೆ. ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ‘ಸ್ಲೋ ಚಾರ್ಜರ್’ ಅನ್ನುತ್ತದೆ, ಕೆಲಸ ಮಾಡುತ್ತಿದ್ದರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಬ್ಯಾಂಕ್ ಮೇಲೆ 22.5 ವ್ಯಾಟ್ ಎಂದಿದೆ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 20 ವೋಲ್ಟ್, 3.25 ಆಂಪ್. ಅಂಗಡಿಯವರು ‘ಎಲ್ಲದಕ್ಕೂ ಆಗುತ್ತೆ ಮೇಡಂ’ ಅಂದಿದ್ದರು!

ವೈರ್‌ಮ್ಯಾನ್:
20 ಗುಣಿಸು 3.25 ಅಂದರೆ 65 ವ್ಯಾಟ್. ನಿಮ್ಮ ಬ್ಯಾಂಕ್ ಅದರ ಮೂರನೇ ಒಂದು ಪಾಲು ಕೊಡುತ್ತಿದೆ, ಅಷ್ಟೇ. ಎಂಎಎಚ್ ಅಂದರೆ ತೊಟ್ಟಿ ಎಷ್ಟು ದೊಡ್ಡದು ಅಂತ. ವ್ಯಾಟ್ ಅಂದರೆ ನಲ್ಲಿ ಎಷ್ಟು ದಪ್ಪ ಅಂತ. ಪಿಡಿ (ಪವರ್ ಡೆಲಿವರಿ, ಅಂದರೆ ಟೈಪ್-ಸಿಯಲ್ಲಿ ಹೆಚ್ಚು ವ್ಯಾಟ್ ಕೊಡುವ ಪದ್ಧತಿ) ಇರುವ, ಟೈಪ್-ಸಿಯಲ್ಲಿ 20 ವೋಲ್ಟ್ ಕೊಡುವ 65 ವ್ಯಾಟ್‌ನದ್ದು ಬೇಕು. ಕೇಬಲ್ ಮರೆಯಬೇಡಿ: ಮಾಮೂಲಿ ಟೈಪ್-ಸಿ ಕೇಬಲ್ 3 ಆಂಪ್‌ಗೆ ನಿಲ್ಲುತ್ತದೆ. 5 ಆಂಪ್‌ನದ್ದು ತಗೊಳ್ಳಿ.

ಲೆಕ್ಕದ ಮೇಷ್ಟ್ರು:
ತೊಟ್ಟಿಯ ಲೆಕ್ಕವೂ ನೋಡಿ. ಆ 20,000 ಎಂಎಎಚ್ ಒಳಗಿನ ಸೆಲ್‌ನ 3.7 ವೋಲ್ಟ್‌ನಲ್ಲಿ ಅಳೆದದ್ದು. ಅಂದರೆ 74 ವ್ಯಾಟ್-ಅವರ್, 74 ವ್ಯಾಟ್ ಅನ್ನು ಒಂದು ಗಂಟೆ ಕೊಡುವಷ್ಟು. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. 50 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಒಂದು ಸಲ ತುಂಬಿದರೆ ಜಾಸ್ತಿ. ಸದ್ಯಕ್ಕೆ ಆಫ್ ಮಾಡಿ ಚುಚ್ಚಿ ನೋಡಿ.

ಮಲೆನಾಡ ಹುಡುಗಿ:
ಮೇಷ್ಟ್ರೇ, ಊಟದ ಹೊತ್ತಿಗೆ ಆಫ್ ಮಾಡಿಟ್ಟೆ. ಎರಡು ಗಂಟೆಯಲ್ಲಿ 31ರಿಂದ 80ಕ್ಕೆ ಬಂತು! ಕೇಬಲ್ ನೋಡಿದೆ, 3 ಆಂಪ್‌ನದ್ದೇ. ಹೊಸ ಬ್ಯಾಂಕ್ ಬಂದ ಮೇಲೆ ಇದು ಅಪ್ಪನ ಫೋನಿಗೆ.