ಮೀಟರಿನಲ್ಲಿ 2.8 ವೋಲ್ಟ್ ಇದೆ, ಕಿತ್ತಳೆ ಬ್ಯಾಟರಿಗೆ ಬಲ್ಬು ಮಾತ್ರ ಹತ್ತುತ್ತಿಲ್ಲ

ಕಿತ್ತಳೆ_9ಬಿ:
ನಮಸ್ಕಾರ. ನಾನು ವಿರಾಜಪೇಟೆ ಹತ್ತಿರದವನು, 9ನೇ ಕ್ಲಾಸ್. ವಿಜ್ಞಾನ ಪ್ರದರ್ಶನಕ್ಕೆ ನಮ್ಮ ತೋಟದ್ದೇ ಮೂರು ಕಿತ್ತಳೆಯಲ್ಲಿ ಬ್ಯಾಟರಿ ಮಾಡಿದ್ದೇನೆ. ಪ್ರತಿ ಹಣ್ಣಿಗೂ ಒಂದು ತಾಮ್ರದ ತಂತಿ, ಒಂದು ಸತು ಲೇಪಿಸಿದ ಮೊಳೆ (ಶೀಟ್ ಹೊಡೆಯುವುದು). ಸರಣಿಯಲ್ಲಿ ಜೋಡಿಸಿದೆ. ಮೀಟರ್ 2.8 ವೋಲ್ಟ್ ತೋರಿಸುತ್ತದೆ. ಆದರೆ ಟಾರ್ಚಿನ 2.5 ವೋಲ್ಟ್ ಬಲ್ಬು ಮಿಣುಕ್ ಅಂತಲೂ ಅನ್ನುವುದಿಲ್ಲ. ಅದೇ ಬಲ್ಬು ಎರಡು ಸೆಲ್ಲಿಗೆ ಚೆನ್ನಾಗಿ ಹತ್ತುತ್ತದೆ. ನಾಡಿದ್ದು ತೋರಿಸಬೇಕು.

ಕಾಫಿಗಿಡ:
ಸುಮ್ನೆ ಇನ್ನೂ ಹತ್ತು ಹಣ್ಣು ಸೇರಿಸು ಮಗಾ. ವೋಲ್ಟ್ ಜಾಸ್ತಿ ಆದರೆ ಹತ್ತುತ್ತೆ.

ಹಳೇ_ವೈರ್‌ಮ್ಯಾನ್:
ಕಾಫಿಗಿಡ ಅವರೇ, ಅದರಿಂದ ಹಣ್ಣು ಹಾಳು ಅಷ್ಟೇ.

ತಮ್ಮಾ, ಒಂದು ಕೆಲಸ ಮಾಡು. ಬಲ್ಬು ಜೋಡಿಸಿರುವಾಗಲೇ ಬಲ್ಬಿನ ಎರಡು ತುದಿಗೆ ಮೀಟರ್ ಹಿಡಿ. ಎಷ್ಟು ಬಂತು ಅಂತ ಹೇಳು.

ಕಿತ್ತಳೆ_9ಬಿ:
0.00! ಬಲ್ಬು ತೆಗೆದರೆ ಮತ್ತೆ 2.8. ಮೀಟರ್ ಕೆಟ್ಟಿದೆಯಾ ಸರ್?

ಹಳೇ_ವೈರ್‌ಮ್ಯಾನ್:
ಮೀಟರ್ ಸರಿಯಾಗೇ ಇದೆ. ನಿಮ್ಮ ಕಡೆ ದಿಣ್ಣೆ ಮೇಲಿನ ಟ್ಯಾಂಕಿನಿಂದ ಮನೆಗೆ ಪೈಪ್ ಎಳೆದಿರುತ್ತಾರೆ, ಅಲ್ವಾ? ಪೈಪಿನಲ್ಲಿ ಕೆಸರು ಕಟ್ಟಿದೆ ಅಂದುಕೋ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ತಿರುಗಿಸಿದರೆ ತೊಟ್ಟು ತೊಟ್ಟು. ವೋಲ್ಟ್ ಅಂದರೆ ಆ ಒತ್ತಡ, ಆಂಪಿಯರ್ ಅಂದರೆ ಹರಿಯುವ ನೀರು, ಕೆಸರೇ ರೋಧ. ಮೀಟರ್ ಹೆಚ್ಚುಕಡಿಮೆ ಕರೆಂಟೇ ಕುಡಿಯುವುದಿಲ್ಲ, ಅದಕ್ಕೇ ಪೂರ್ತಿ 2.8 ಕಾಣಿಸಿತು.

ಹಣ್ಣಿನ ಒಳಗಿನ ರೋಧ ಒಂದಕ್ಕೆ 1000 ಓಮ್ ಅಂತ ಇಟ್ಟುಕೋ. ಮೂರಕ್ಕೆ 3000. ಓಮ್‌ನ ನಿಯಮದ ಪ್ರಕಾರ 2.8 ಅನ್ನು 3000ದಿಂದ ಭಾಗಿಸು. ಒಂದು ಮಿಲಿಆಂಪಿಯರ್ ಕೂಡ ಬರಲಿಲ್ಲ. ಟಾರ್ಚ್ ಬಲ್ಬಿಗೆ ಸುಮಾರು 300 ಮಿಲಿಆಂಪಿಯರ್ ಬೇಕು. ಟಾರ್ಚ್ ಸೆಲ್ಲಿನ ಒಳರೋಧ ಒಂದು ಓಮ್‌ಗಿಂತಲೂ ಕಡಿಮೆ, ಆದ್ದರಿಂದ ಅದು ಸಲೀಸಾಗಿ ಕೊಡುತ್ತದೆ.

ಈಗ ಹತ್ತು ಹಣ್ಣು ಸರಣಿಯಲ್ಲಿ ಹಾಕಿದರೆ? 9.3 ವೋಲ್ಟ್, ರೋಧ 10,000. ಭಾಗಿಸಿದರೆ ಮತ್ತೆ ಅದೇ ಕರೆಂಟ್! ಸಮಾಂತರ ಸಾಲುಗಳನ್ನೂ ಸೇರಿಸಿ ಆ ಬಲ್ಬು ಹತ್ತಿಸಬೇಕೆಂದರೆ ಈ ಲೆಕ್ಕದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಹಣ್ಣು ಬೇಕು. ಮನೆಯವರು ಕೊಡುತ್ತಾರಾ ಕೇಳಿ ನೋಡು.

ಬಲ್ಬು ಬಿಡು, ಕೆಂಪು ಎಲ್‌ಇಡಿ ತಗೋ. ಅದಕ್ಕೆ ಸುಮಾರು 1.8 ವೋಲ್ಟ್ ಸಿಕ್ಕರೆ ಅರ್ಧ ಮಿಲಿಆಂಪಿಯರಿನಲ್ಲೂ ಮಂದವಾಗಿ ಬೆಳಗುತ್ತದೆ. ಬಿಳಿಯದು ಬೇಡ, ಅದಕ್ಕೆ 3 ವೋಲ್ಟ್ ಹತ್ತಿರ ಬೇಕು. ಉದ್ದ ಕಾಲು ತಾಮ್ರದ ಕಡೆಗೆ, ಗಿಡ್ಡ ಕಾಲು ಮೊಳೆ ಕಡೆಗೆ. ತಿರುವುಮುರುವಾದರೆ ಹತ್ತುವುದಿಲ್ಲ.

ಇನ್ನೊಂದು ಮಾತು. ಕೊಡಗಿನ ಕಿತ್ತಳೆಗೆ ಸಿಪ್ಪೆ ಸಡಿಲ. ಮೊಳೆ ಚುಚ್ಚಿದ ಹಾಗೆ ಕಂಡರೂ ಸಿಪ್ಪೆಗೂ ತೊಳೆಗೂ ನಡುವಿನ ಗಾಳಿಯಲ್ಲೇ ನಿಂತಿರುತ್ತದೆ. ಹಣ್ಣನ್ನು ಅಂಗೈಯಲ್ಲಿ ಮೆತ್ತಗೆ ಹೊರಳಿಸಿ, ತಾಮ್ರ ಮತ್ತು ಮೊಳೆ ಎರಡನ್ನೂ ಒಂದೇ ತೊಳೆಯೊಳಗೆ ಆಳಕ್ಕೆ ಇಳಿಸು. ಹತ್ತಿರ ಇರಲಿ, ಒಂದಕ್ಕೊಂದು ತಾಗಬಾರದು.

ಕಾಫಿಗಿಡ:
ತಪ್ಪೊಪ್ಪಿಕೊಂಡೆ. ಅಂದರೆ ಕಿತ್ತಳೆಯೊಳಗೆ ಕರೆಂಟ್ ಕಡಿಮೆ ಅಂತ ತಾನೆ?

ಹಳೇ_ವೈರ್‌ಮ್ಯಾನ್:
ಕಿತ್ತಳೆಯೊಳಗೆ ಕರೆಂಟೇ ಇಲ್ಲ! ಮೊಳೆಯ ಸತು ಕರಗುತ್ತದಲ್ಲ, ಶಕ್ತಿ ಬರುವುದು ಅದರಿಂದ. ರಸ ದಾರಿ ಮಾಡಿಕೊಡುತ್ತದೆ ಅಷ್ಟೇ. 1800ರಲ್ಲಿ ವೋಲ್ಟಾ ತನ್ನ ಬ್ಯಾಟರಿಗೆ ಬಳಸಿದ್ದು ಉಪ್ಪುನೀರಲ್ಲಿ ನೆನೆಸಿದ ರಟ್ಟು. ಅದರ ಆಚೆ ಈಚೆ ಸತು, ಬೆಳ್ಳಿ ಬಿಲ್ಲೆಗಳು. ತಮ್ಮಾ, ತೀರ್ಪುಗಾರರು ಇದನ್ನೇ ಕೇಳುತ್ತಾರೆ, ನೆನಪಿಟ್ಟುಕೋ.

ಕಿತ್ತಳೆ_9ಬಿ:
ಹತ್ತಿತು ಸರ್!! ಒಂದು ಹಣ್ಣು ಜಾಸ್ತಿ ಮಾಡಿ ನಾಲ್ಕು ಹಾಕಿದೆ. ನೀವು ಹೇಳಿದ್ದು ಸರಿ, ಒಂದು ಮೊಳೆ ಸಿಪ್ಪೆ ಕೆಳಗೇ ಇತ್ತು. ಎಲ್‌ಇಡಿ ಇಲ್ಲದಾಗ 3.7, ಇದ್ದಾಗ 1.7. ಹಗಲಲ್ಲಿ ಸರಿಯಾಗಿ ಕಾಣಲಿಲ್ಲ. ಸಂಜೆ ಮಳೆಗೆ ಕರೆಂಟ್ ಹೋಯಿತು, ಆಗ ಕೆಂಪು ಚುಕ್ಕಿ ಚೆನ್ನಾಗಿ ಕಂಡಿತು. ಪ್ರದರ್ಶನಕ್ಕೆ ರಟ್ಟಿನ ಡಬ್ಬದೊಳಗೆ ಇಡುತ್ತೇನೆ.

ಕಡೇ ಪ್ರಶ್ನೆ: ಆಮೇಲೆ ಆ ಹಣ್ಣಲ್ಲಿ ಜ್ಯೂಸ್ ಮಾಡಬಹುದಾ ಅಂತ ಅಜ್ಜಿ ಕೇಳುತ್ತಿದ್ದಾರೆ.

ಹಳೇ_ವೈರ್‌ಮ್ಯಾನ್:
ಬೇಡವೇ ಬೇಡ. ಸತು, ತಾಮ್ರ ಎಲ್ಲ ರಸಕ್ಕೆ ಇಳಿದಿರುತ್ತದೆ. ಗುಂಡಿಗೆ ಹಾಕಿ, ಅಜ್ಜಿಗೆ ಮರದಿಂದ ಬೇರೆ ಕಿತ್ತು ಕೊಡು.